ನಿಂತ್ಕಂಡೇ ಮಾಡೋ ಮೀಟಿಂಗು

ಹರಪನಹಳ್ಳಿ, ಬುಧವಾರ, 2007

ಚಿಗವ್ವಗ ಗಂಗಾಂಬಿಕಾಳ ಶರಣು.

ಅಂಗಡಿ ಬಿಲ್ಲಿನ ಕಂಪ್ಯೂಟರ್ ಪ್ರೋಗ್ರಾಂ ಬರೆಯೋ ನಮ್ಮ ಸೆಂಟರಿಗೆ ಪುಣೆಯಿಂದ ಒಬ್ರು ಸರ್ ಬಂದು 'ಅಜೈಲ್' ಕಲಿಸಾಕ ಹತ್ಯಾರ. ದೊಡ್ಡ ಕೆಲಸಾನ ಚೂರು ಮಾಡಿ, ಒಂದೊಂದೇ ಮುಗಿಸಿ ತೋರಿಸೋದಂತ. ದಿನಾ ಮುಂಜಾನಿ ಎಲ್ರೂ ಸುತ್ತ ನಿಂತು, ನಿನ್ನೆ ಏನು ಮಾಡಿದ್ವಿ, ಇವತ್ತು ಏನು ಮಾಡ್ತೀವಿ, ಅಡ್ಡಿ ಏನೈತಿ ಅಂತ ಹೇಳ್ಬೇಕು. ಕುಂತ್ರ ಮಾತು ಬೆಳೀತೈತಿ ಅಂತ ಕುಂದ್ರಂಗಿಲ್ಲ.

ಮೊದಲನೇ ದಿನಾನ ಮಾಲಕ್ರು ಮರುಳಪ್ಪನೋರು ಬಂದ್ರು. ಹಿರೇರನ್ನ ನಿಂದ್ರಿಸಿ ಮಾತಾಡಾಕ ಆಕೈತೇನು? ಕುರ್ಚಿ ಹಾಕಿದ್ವಿ. "ನಾನೊಬ್ನೇ ಹೆಂಗ ಕುಂದರ್ಲಿ, ನೀವೂ ಕುಂದರ್ರಿ" ಅಂದ್ರು. ಕುಂತ ಮ್ಯಾಲ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಬರದಂಗ ಇರ್ತೈತೇನು? ಮಧ್ಯಾಹ್ನ ಆತು. ಮರುದಿನ ಸರ್ ಕುರ್ಚಿ ಎಲ್ಲಾ ಒಳಗ ಹಾಕಿ ಬೀಗ ಜಡಿದ್ರು. ಮರುಳಪ್ಪನೋರು ಮನಿಯಿಂದ ಜಮಖಾನಿ ತರಿಸಿದ್ರು! ಇವತ್ತು ಸರೂ ಚಕ್ಕಳಮಕ್ಕಳ ಹಾಕಿ ಕುಂತು, ಇನ್ನೊಂದು ಮೆಣಸಿನಕಾಯಿ ಹಾಕಿಸ್ಕಂಡ್ರು.

ನನಗ ಎದಿಯುರಿ ಹತ್ತೈತಿ. ಶನಿವಾರ ಊರಿಗೆ ಬರ್ತೀನಿ, ಜೀರಿಗಿ ನೀರು ಕುದಿಸಿ ಇಡು.

ಕಾರ್ಡು ತುಂಬಾಕ ಬಂತು, ಮುಖ್ಯ ಮಾತು ಕೇಳು. ಐತವಾರ ಹಡಗಲಿಯಿಂದ ನನ್ನ ನೋಡಾಕ ಬರ್ತಾರಲ್ಲ, ಅವರಿಗೆ ಕುರ್ಚಿನೂ ಹಾಕಬ್ಯಾಡ, ಜಮಖಾನಿನೂ ಹಾಸಬ್ಯಾಡ. ಹೋದ ಸಲದೋರು ಸಂಜೀತನಕ ಕುಂತು ನನ್ನ ಬಣ್ಣದ ಮ್ಯಾಲ ಮಾತಾಡಿದ್ದು ಸಾಕು. ಈ ಹುಡುಗ ನಿಂತ್ಕಂಡೇ ಹೇಳ್ಲಿ: ಇಲ್ಲೀಮಟ ಏನು ಮಾಡ್ಯಾನ, ಮುಂದ ಏನು ಮಾಡ್ತಾನ, ಅಡ್ಡಿ ಏನೈತಿ. ಮೂರನೇದಕ್ಕ ಅವರವ್ವನ ಮಾರಿ ನೋಡಿದ್ರ, ಚಾಕ್ಕ ನೀರು ಇಡಬ್ಯಾಡ.

ನಿನ್ನ ಗಂಗಿ