ಇಲಿಯ ತೂಕ, ಅಪ್ಪನ ತೂಕ

ನನ್ನ ಮೊಂಡ ಅಪ್ಪನಿಗೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ನೀನು ಹೋಗಿ ವರ್ಷವಾಗುತ್ತಾ ಬಂತು, ನನ್ನ ಕೋಪ ಇನ್ನೂ ಇಳಿದಿಲ್ಲ. ಸತ್ತವರನ್ನು ಬೈಯಬಾರದಂತೆ. ಬದುಕಿದ್ದಾಗ ಬೈದಿದ್ದರೆ ನೀನು ಕೇಳುತ್ತಿದ್ದೆಯಾ?

ಆವತ್ತು ತುಮಕೂರಿನ ಶಿರಾ ಗೇಟ್ ಹತ್ತಿರದ ನನ್ನ ರೂಮಿಗೆ ಬಂದು, ಕಾಫಿ ಲೋಟ ಹಿಡಿದು ಕೂತು, "ಅದೇನವ್ವ, ಲ್ಯಾಬಲ್ಲಿ ಏನ್ ಮಾಡ್ತೀಯ ನೀನು?" ಅಂತ ಕೇಳಿದೆ. ನೆಲ್ಲಿಕಾಯಿಯಲ್ಲಿ ಗ್ಯಾಲಿಕ್ ಆಮ್ಲ ಅಂತ ಒಂದಿದೆ, ಹೃದಯಕ್ಕೆ ರಕ್ತ ಸರಿಯಾಗಿ ಹೋಗದಂತೆ ಮಾಡಿದ ಇಲಿಗಳಿಗೆ ಅದನ್ನು ಕೊಟ್ಟು ನೋಡುತ್ತಿದ್ದೇವೆ ಅಂತ ನಾನು ಹೇಳಿದೆ. "ಇಲಿ ಎಷ್ಟು ತೂಗ್ತದೆ? ಅದ್ಕೆ ಎಷ್ಟು ಕೊಡ್ತೀರಿ?" ಅಂತ ಕೆದಕಿ ಕೆದಕಿ ಕೇಳಿದೆಯಲ್ಲ, ಮಗಳ ಕೆಲಸದ ಮೇಲೆ ಎಷ್ಟು ಅಕ್ಕರೆ ಅಂದುಕೊಂಡಿದ್ದೆ ನಾನು! ನೀನು ಆಸ್ಪತ್ರೆಯಿಂದ ನೇರ ಬಂದಿದ್ದೆ, ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಿಸಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ನೀನು ಸತ್ತ ಮೇಲೆ.

ಗುಬ್ಬಿಗೆ ವಾಪಸಾದವನೇ ಮಂಡಿಯಲ್ಲಿ ಕೊಬ್ಬರಿ ತೂಗುವ ಮಿಷನ್ ಮೇಲೆ ಹತ್ತಿ ನಿಂತೆಯಂತೆ. ಇಲಿಗೆ ಇಷ್ಟಾದರೆ ನನಗೆಷ್ಟು ಅಂತ ಲೆಕ್ಕ ಹಾಕಿ, ಅಷ್ಟು ನೆಲ್ಲಿಕಾಯಿ ಕುದಿಸು ಅಂತ ಅಮ್ಮನಿಗೆ ಹೇಳಿದೆಯಂತೆ. ಜೀವಮಾನವಿಡೀ ಕೊಬ್ಬರಿ ತೂಗಿದವನಿಗೆ ಎಲ್ಲವೂ ತೂಕವೇ! ನಾವು ಕೊಡುತ್ತಿದ್ದದ್ದು ಶುದ್ಧ ಮಾಡಿದ ಪುಡಿ. ಇದಿನ್ನೂ ಮನುಷ್ಯರಿಗಲ್ಲ ಅಂತ ನಾನು ಬಾಯಿ ಬಿಟ್ಟು ಹೇಳಿದ್ದೆ. ಕಿವಿಗೆ ಬೀಳಲೇ ಇಲ್ಲವಾ? ಹಾಳಾಗಿ ಹೋಗಲಿ, ಕಷಾಯ ಕುಡಿದೆ ಅಂತಲೇ ಇಟ್ಟುಕೊಳ್ಳೋಣ. ಡಾಕ್ಟರು ಬರೆದುಕೊಟ್ಟ ಮಾತ್ರೆ ಯಾಕೆ ನುಂಗಲಿಲ್ಲ? "ನಮ್ ಹುಡ್ಗೀನೇ ಔಷ್ದಿ ಕಂಡ್ಹಿಡ್ದವ್ಳೆ, ಇನ್ಯಾಕ್ಲಾ ಆಸ್ಪತ್ರೆ?" ಅಂತ ಪಕ್ಕದ ಮಂಡಿಯ ರುದ್ರಮಾವನ ಮುಂದೆ ಮೆರೆದೆಯಂತಲ್ಲ. ಆ ಹೆಮ್ಮೆಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಒಂದು ಬೆಳಿಗ್ಗೆ ಅದೇ ಮಂಡಿಯಲ್ಲಿ ಎದೆ ಹಿಡಿದು ಕೂತವನು ನೀನು ಏಳಲೇ ಇಲ್ಲ.

ನಿನ್ನ ತಿಥಿಯ ದಿನ ಎಡೆಗೆ ನಿನಗಿಷ್ಟವಾದದ್ದನ್ನೆಲ್ಲ ಇಟ್ಟರು. ಮುದ್ದೆ, ಉಪ್ಸಾರು, ಕೋಡುಬಳೆ, ಒಂದು ಕಟ್ಟು ಬೀಡಿ. ಕೊನೆಗೆ ಅಮ್ಮ ಒಂದು ಲೋಟ ನೆಲ್ಲಿಕಾಯಿ ಕಷಾಯವನ್ನೂ ತಂದಿಟ್ಟಳು. ನನ್ನ ಮೈಯೆಲ್ಲ ಉರಿದುಹೋಯಿತು. ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದೆ. "ಹೆಣ್ಣಿಗೆ ತಲೆ ಕೆಟ್ಟೈತೆ" ಅಂದಳು ಹುಲಿಯೂರುದುರ್ಗದ ಅತ್ತೆ. ರುದ್ರಮಾವ ಹಿಂದೆಯೇ ಬಂದು ಮೆಲ್ಲಗೆ, "ಚೆಲ್ಬುಟ್ಯಾ? ನಂಗೂ ಎದೆ ಹಿಡೀತದೆ ಕಣವ್ವ. ನಿಮ್ಮಪ್ಪನಿಗಿಂತ ದಪ್ಪ ಅಲ್ವಾ ನಾನು, ನನ್ ತೂಕಕ್ಕೆ ಎಷ್ಟಾಗ್ತದೆ?" ಅಂದ. ನಿನ್ನ ಶಿಷ್ಯ! ನಗಬೇಕೋ, ಬಾರಿಸಬೇಕೋ... ತಿಥಿಯೂಟಕ್ಕೂ ಬಿಡದೆ ಅವನನ್ನು ಕಾರಿಗೆ ಹತ್ತಿಸಿ ತುಮಕೂರಿಗೆ ಎಳೆದುಕೊಂಡು ಹೋದೆ. ಸ್ಟೆಂಟ್ ಹಾಕಿದರು. ಈಗ ಮಂಡಿಯಲ್ಲಿ ಕೂತು ಮೊದಲಿನಂತೆಯೇ ಗಂಟಲು ಹರಿದುಕೊಳ್ಳುತ್ತಾನೆ. ಆ ಜಾಗದಲ್ಲಿ ನೀನೂ...

ಕಳೆದ ವಾರ ಲ್ಯಾಬಿನ ಫಲಿತಾಂಶ ಬಂತು. ಆಮ್ಲ ಕೊಟ್ಟ ಇಲಿಗಳ ಹೃದಯಕ್ಕೆ ಪೆಟ್ಟು ಕಡಿಮೆಯಾಗಿದೆ. ಹೌದು ಕಣಪ್ಪ, ಕೆಲಸ ಮಾಡಿದೆ. ಇಲಿಗೆ. ಮನುಷ್ಯರ ತನಕ ಬರುವುದಕ್ಕೆ ಇನ್ನೂ ಎಷ್ಟು ವರ್ಷವೋ, ಬರುತ್ತದೋ ಇಲ್ಲವೋ. ಸುದ್ದಿ ಹೇಳೋಣವೆಂದು ಮೊಬೈಲ್ ತೆಗೆದು ನಿನ್ನ ಹೆಸರು ಹುಡುಕಿದ್ದೆ, ಗೊತ್ತಾ?

ಬರುವ ಸೋಮವಾರ ನಿನ್ನ ವರ್ಷದ ಎಡೆ. ಕಷಾಯ ಇಡಲು ನಾನು ಬಿಡುವುದಿಲ್ಲ. ನೀನು ಮುಟ್ಟದ ಮಾತ್ರೆಯ ಶೀಟು ಇನ್ನೂ ಬೀರುವಿನಲ್ಲಿದೆ. ಅದನ್ನು ಇಡುತ್ತೇನೆ, ಪಕ್ಕದಲ್ಲಿ ಒಂದು ಲೋಟ ನೀರು.

ಈಗಲಾದರೂ ನುಂಗು.