ದಪ್ಪ ಪಾಟಾ, ಮೆತ್ತಗಿನ ದಾರಿ

೧೨ ಮಾರ್ಚ್ ೧೯೮೧, ಗುರುವಾರ. ಶಿಗ್ಗಾಂವ.

ನಾಳೆ ತಿಳವಳ್ಳಿಯಿಂದ ಅಕ್ಕನನ್ನು ಬಾಣಂತನಕ್ಕೆ ಕರೆತರಬೇಕು. ಎಂಟು ತಿಂಗಳು ತುಂಬಿವೆ. ಅಪ್ಪನ ಅಂಬಾಸಿಡರ್ ಕಾರನ್ನು ಶೋಕಿಗಾಗಿ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಮಹಾಪುರುಷ ನಾನೇ. ಆ ರಸ್ತೆಯ ತಗ್ಗುಗಳಲ್ಲಿ ಅದರ ತಳ ಬಡಿಯುವುದು ಖಾತ್ರಿ.

ಗ್ಯಾರೇಜಿನ ಗುಡ್ಡಪ್ಪ ಮುಂದಿನ ಬೋಲ್ಟು ತಿರುವಿ ಕಾರಿನ ಮೂತಿ ಎತ್ತರಿಸಿದ, ಹಿಂದಿನ ಸ್ಪ್ರಿಂಗಿಗೆ ದಪ್ಪ ಪಾಟಾ, ಅಂದರೆ ಇನ್ನೊಂದು ಉಕ್ಕಿನ ಪಟ್ಟಿ, ಕೂಡಿಸಿದ. ಕರೆವ್ವಜ್ಜಿಯನ್ನು ಪರೀಕ್ಷಾಧಿಕಾರಿಯಾಗಿ ನೇಮಿಸಿ, ಕಾರು ಎಷ್ಟು ಕುಲುಕುತ್ತದೆಂದು ನೋಡಲು ಕೈಗೆ ಮಜ್ಜಿಗೆ ತಂಬಿಗೆ ಕೊಟ್ಟು ದುಂಡಸಿ ರಸ್ತೆಗೆ ಒಯ್ದೆ. ಕಾರು ಎಲ್ಲೂ ಬಡಿಯಲಿಲ್ಲ. ಮಜ್ಜಿಗೆ ಅಜ್ಜಿಯ ಮೂಗಿನವರೆಗೆ ಹಾರಿತ್ತು.

"ಇದು ಕಾರೋ, ಕಲ್ಲು ಹೇರೋ ಚಕ್ಕಡಿಯೋ? ಹುಡುಗಿ ದಾರ್ಯಾಗ ಹಡಿತಾಳ ನೋಡು!" ಎಂದಳು ಅಜ್ಜಿ.

"ಪಾಟಾ ತಗದ್ರ ಮೆತ್ತಗಾಕ್ಕೈತಿ, ಆದ್ರ ತಳ ಬಡಿತೈತಿ. ಯಾವ್ದು ಬೇಕು ಹೇಳೋ ತಮ್ಮಾ," ಎಂದ ಗುಡ್ಡಪ್ಪ, ಗ್ಯಾರೇಜಿಗೆ ಮರಳಿದಾಗ.

ದಪ್ಪ ಪಾಟಾ ತೆಗೆಸಿದೆ. ಬುತ್ತಿ ಹಿಡಿದು ಕಾರಿನಲ್ಲಿ ಬರಲಿದ್ದ ಮೂವರು ಚಿಗವ್ವಂದಿರಿಗೆ ಬಸ್ಸು ತೋರಿಸಿದೆ; ಭಾರ ಇಳಿದಷ್ಟೂ ಕಾರು ನೆಲ ಬಿಟ್ಟಿರುತ್ತದೆ. ಮೂವರೂ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಆದರೂ ಬಡಿದರೆ? ಯಾಕೋ ಇವತ್ತು ನಗು ಬರುತ್ತಿಲ್ಲ. ಡ್ರೈವರನ ಕನ್ನಡಿಯನ್ನು ಅಕ್ಕ ಕೂರುವ ಕಡೆಗೆ ತಿರುಗಿಸಿಟ್ಟಿದ್ದೇನೆ. ಹಿಂದೆ ಬರುವ ಲಾರಿಗಳು ತಮ್ಮ ದಾರಿ ತಾವೇ ನೋಡಿಕೊಳ್ಳಲಿ.