ಚೌತಿ ಚಂದ್ರನಿಗೆ ಛತ್ರಿ ಹಿಡಿದವರು

ಬೋಗಾದಿ, ಮೈಸೂರು
೮ ಸೆಪ್ಟೆಂಬರ್ ೨೦೨೪, ಭಾನುವಾರ

ರೀ ಮಹೇಂದ್ರ ಅವರೇ,

ಗೆದ್ದೆ! ಮೊದಲು ಅದನ್ನು ಹೇಳಿಬಿಡುತ್ತೇನೆ, ಕುಶಲ ಸಮಾಚಾರ ಆಮೇಲೆ. ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ. ನಿನ್ನೆ ಸಂಜೆ ನ್ಯಾಷನಲ್ ಪಾರ್ಕಿನ ಗೇಟಿನ ಪಕ್ಕದ ಬಯಲಿನಲ್ಲಿ ನಾನೇ ಮುಂದೆ ನಿಂತು ಜನರಿಗೆ ಆಕಾಶ ತೋರಿಸಿದೆ. ಇಷ್ಟು ದಿನ ಬೇರೆಯವರ ಹಿಂದೆ ಟೆಲಿಸ್ಕೋಪ್ ಹೊತ್ತು ತಿರುಗಿದವಳು ನಿನ್ನೆ ಗೈಡ್!

ಇದೇ ಕೆಲಸಕ್ಕೆ ತಾನೆ ನೀವು ಸಂಕ್ರಾಂತಿಯ ದಿನ ನೆಂಟರ ಮುಂದೆ, ‘ಕಾಡಲ್ಲಿ ನಕ್ಷತ್ರ ನೋಡ್ತಿದ್ಲಂತೆ! ಯಾರ ಕಿವಿ ಮೇಲೆ ಹೂ ಇಡ್ತೀಯ? ಯಾರ ಜೊತೆ ಇದ್ದೆ ಹೇಳು’ ಅಂದದ್ದು? ಅವತ್ತೇ ಕೆಸರೆಯ ನಿಮ್ಮ ಮನೆ ಬಿಟ್ಟು ಈ ರೂಮಿಗೆ ಬಂದೆ. ಕೋಪ ಇನ್ನೂ ಆರಿಲ್ಲ. ಆದರೂ ಖುಷಿಯಾದಾಗ ಮೊದಲು ನಿಮಗೇ ಹೇಳಬೇಕು ಅನ್ನಿಸುತ್ತದಲ್ಲ, ಅದಕ್ಕೇನು ಮಾಡಲಿ?

ಕೇಳಿ. ತಾರೀಕು ಆರಿಸಿದವಳು ನಾನೇ. ಗಣೇಶನ ಹಬ್ಬ, ಎಲ್ಲರಿಗೂ ರಜೆ, ಚಂದ್ರ ಬೇಗ ಮುಳುಗುತ್ತಾನೆ, ಆಮೇಲೆ ಕಪ್ಪು ಆಕಾಶ. ಎಲ್ಲ ಯೋಚಿಸಿದೆ. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ ಎಂದು ಅವತ್ತು ಯಾರೂ ತಲೆಯೆತ್ತುವುದಿಲ್ಲ ಅನ್ನುವುದೊಂದು ಮಾತ್ರ ಹೊಳೆಯಲಿಲ್ಲ!

ಮೈಸೂರಿನಿಂದ ಮಹಿಳಾ ಸಂಘದ ಬಸ್ಸು ಬಂತು. ಇಳಿಯುವಾಗ ಯಾರಿಗೋ ನೆನಪಾಗಿ, ‘ಅಯ್ಯೋ, ಇವತ್ತು ಚೌತಿ ಕಣ್ರಮ್ಮಾ!’ ಅಂದದ್ದೇ ತಡ, ಛತ್ರಿಗಳೆಲ್ಲ ಬಿಚ್ಚಿಕೊಂಡವು. ಒಂದು ಹನಿ ಮಳೆಯಿಲ್ಲ, ತೊಳೆದಿಟ್ಟಂಥ ಆಕಾಶ, ನನ್ನ ಮುಂದೆ ಬರೀ ಛತ್ರಿ! ಛತ್ರಿ ಇಲ್ಲದವರು ತಲೆ ಮೇಲೆ ಸೆರಗೆಳೆದುಕೊಂಡು ನೆಲ ನೋಡುತ್ತಾ ಕೂತರು. ‘ಬಸ್ ತಿರುಗ್ಸಿ, ಹೊಂಟೋಗ್ಬುಡೋಣ’ ಅಂತ ಗಲಾಟೆ ಬೇರೆ. ಫಾರೆಸ್ಟ್ ಗಾರ್ಡ್ ಜವರಪ್ಪನವರೂ ಟೋಪಿಯನ್ನು ಕಣ್ಣ ಮೇಲಕ್ಕೆ ಎಳೆದುಕೊಂಡು, ‘ಬಸ್ ತಿರುಗಿದ್ರೆ ಮುಗೀತು ಕಣಮ್ಮ, ರೇಂಜರ್ ಸಾಹೇಬ್ರು ಇನ್ನೊಂದ್ಸಲ ನಿಂಗೆ ಗೈಡ್ ಕೆಲ್ಸ ಕೊಡಲ್ಲ’ ಅಂದರು.

ಆಗ ಎಲ್ಲಿಂದ ಧೈರ್ಯ ಬಂತೋ ಕಾಣೆ. ‘ನೀವ್ಯಾರೂ ನೋಡ್ಬೇಡಿ, ನಾನು ನೋಡ್ತೀನಿ. ನಂಗೆ ಬರ್ಬೇಕಾದ ಅಪವಾದ ಆಗ್ಲೇ ಬಂದಾಗಿದೆ, ಹೊಸದಾಗಿ ಇನ್ನೇನು ಬರುತ್ತೆ?’ ಅಂದವಳೇ ಟೆಲಿಸ್ಕೋಪಿಗೆ ಕಣ್ಣಿಟ್ಟೆ. ಎಂಥ ಚೆಲುವು ರೀ! ಆ ಕುಳಿಗಳು, ಅಂಚಿನಲ್ಲಿ ಬಿದ್ದ ನೆರಳು! ಕಂಡದ್ದನ್ನು ಕಂಡ ಹಾಗೇ ಹೇಳುತ್ತಾ ಹೋದೆ. ಅಳುತ್ತಲೂ ಇದ್ದೆ ಅಂತ ಕಾಣುತ್ತದೆ.

ಗಲಾಟೆ ನಿಂತಿತು. ಹಿಂದಿನ ಸಾಲಿನಲ್ಲಿ ಹಿರಿಯ ಹೆಂಗಸೊಬ್ಬರು ಛತ್ರಿ ಮಡಚಿ ಎದ್ದರು. ‘ಮಾಡ್ದಿರೋ ತಪ್ಪು ಹೊತ್ಕೊಂಡೋಳು ಒಬ್ಳೇ ಯಾಕೆ ನೋಡ್ಬೇಕು? ಸರಿಯವ್ವ, ನಾನೂ ನೋಡ್ತೀನಿ’ ಅಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನೋಡನೋಡುತ್ತಲೇ ದೊಡ್ಡ ಕ್ಯೂ! ಕೊನೆಗೆ ಜವರಪ್ಪನವರೂ ಟೋಪಿ ತೆಗೆದು ಬಂದು ನಿಂತರು.

ಚಂದ್ರ ಮುಳುಗಿದ ಮೇಲೆ ಶನಿಯನ್ನೂ ಅವನ ಬಳೆಯನ್ನೂ ತೋರಿಸಿದೆ. ‘ಚೌತಿ ಚಂದ್ರ ಆಯ್ತು, ಈಗ ಶನಿಯಾ? ಬುಡಮ್ಮ, ಎಲ್ಲಾ ಒಂದೇ ದಿನ ಮುಗಿಸ್ಬುಡು’ ಅಂತ ಒಬ್ಬರು ಅಂದರೆ ಬಯಲಿಗೆ ಬಯಲೇ ನಕ್ಕಿತು. ಮುಂದಿನ ಅಮಾವಾಸ್ಯೆಗೂ ನೀನೇ ಗೈಡ್ ಅಂತ ಸಾಹೇಬರು ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದರು.

ನಿಮ್ಮನ್ನು ನಂಬಿಸಲಿಕ್ಕೆ ಬನ್ನಿ ಅಂತ ಕರೆಯುವುದಿಲ್ಲ, ಆ ಕಾಲ ಮುಗಿಯಿತು. ಆಕಾಶ ನೋಡಬೇಕು ಅನ್ನಿಸಿದರೆ ಬನ್ನಿ.

ಇಂತಿ,
ಕಣ್ತುಂಬ ಚೌತಿ ಚಂದ್ರನನ್ನು ನೋಡಿಯೂ ನೆಟ್ಟಗಿರುವ,
ಸೌಮ್ಯಶ್ರೀ

ವಿ.ಸೂ.: ಛತ್ರಿ ಮಡಚಿ ಮೊದಲು ಎದ್ದವರು ಯಾರೆಂದು ಹೇಳಲಿಲ್ಲ, ಅಲ್ಲವೆ? ನಿಮ್ಮ ಅಮ್ಮ. ತಂಗಿ ಮನೆಗೆ ಹೋಗಿ ಬರುತ್ತೇನೆ ಅಂತ ನಿಮಗೆ ಹೇಳಿ ಬಸ್ಸು ಹತ್ತಿದರಂತೆ. ಈಗ ನನ್ನ ರೂಮಿನಲ್ಲಿ ಕಡುಬು ಬೇಯಿಸುತ್ತಾ ಇದನ್ನೂ ಬರಿ ಅನ್ನುತ್ತಿದ್ದಾರೆ: ‘ಅವತ್ತು ನೆಂಟ್ರ ಮುಂದೆ ಆಡಿದ ಮಾತ್ನ ಅದೇ ನೆಂಟ್ರ ಮುಂದೆ ವಾಪಸ್ ತಗೊಂಡು ಬಾ ಮಗನೇ. ಅಲ್ಲೀತಂಕ ನಾನೂ ಮನೆಗೆ ಬರಲ್ಲ.’